ಎಡಸುತ್ತು

ಸತ್ತ ಮೇಲೆ ದೇವರಾಜುವಿನ ಕೈ ಕುದುರಿತ್ತು. ಬದುಕಿದ್ದಾಗ ಅವನು ತಂತಿ ಸುತ್ತಿಕೊಟ್ಟ ಮೋಟಾರುಗಳು ಅಂಗಳದಲ್ಲಿ ನಾಲ್ಕು ಮಾರು ಓಡಿ, ಗೊರಗುಟ್ಟಿ, ಸುಟ್ಟ ವಾಸನೆ ಬಿಟ್ಟು ನಿಲ್ಲುತ್ತಿದ್ದವು. ಈಗ, ವರ್ಷಾಬ್ದಿಕವೂ ಮುಗಿದು ಊರು ಅವನನ್ನು ಮರೆಯಬೇಕಾದ ಹೊತ್ತಿಗೆ, ಅವನ ಮೋಟಾರು ಹಾಕಿದ ಕಾರನ್ನು ಹಿಂದೆ ಹಾಕುವ ಕಾರು ಅಮ್ಮತ್ತಿಯಿಂದ ವಿರಾಜಪೇಟೆಯವರೆಗೆ ಯಾವ ತೋಟದ ಮನೆಯಲ್ಲೂ ಇರಲಿಲ್ಲ. ಸಾವು ಎಂಥೆಂಥವರನ್ನೋ ಕೆಡಿಸುತ್ತದೆ, ದೇವರಾಜುವನ್ನು ತಿದ್ದಿತ್ತು. ಸಿದ್ದಾಪುರದ ಶಾಲೆಯಲ್ಲಿ ವಿಜ್ಞಾನದ ಪಾಠ ಮುಗಿಸಿ ಬಸ್ಸಿನ ಕಿಟಕಿಯ ಪಕ್ಕ ಕೂತು ಕಾಮಾಕ್ಷಿ ಇದನ್ನೆಲ್ಲ ಯೋಚಿಸುತ್ತಿದ್ದಳು. ನಗು ಬರಬೇಕಾಗಿತ್ತು. ಬರಲಿಲ್ಲ. ಅಳು ಬರಬೇಕಾದ ದಿನವೂ ಹೀಗೇ ಆಗಿತ್ತು. ಸುತ್ತ ಕೂತಿದ್ದ ಹೆಂಗಸರು ತಮ್ಮ ಅಳುವಿನ ನಡುನಡುವೆ ಇವಳ ಮುಖ ನೋಡಿ, ಬಸ್ಸು ತಡವಾದಾಗ ರಸ್ತೆಯ ತಿರುವು ನೋಡುವಂತೆ ನೋಡಿ, ಕಾದು, ಕೊನೆಗೆ ಓದಿದವಳಲ್ಲವಾ ಎಂದು ತಮ್ಮತಮ್ಮಲ್ಲೇ ಸಮಾಧಾನ ಮಾಡಿಕೊಂಡಿದ್ದರು. ಮೈಸೂರಿನಲ್ಲಿ ಬಿ.ಎಸ್ಸಿ. ಮಾಡಿದರೆ ಕಣ್ಣೀರಿನ ಗ್ರಂಥಿ ಒಣಗುತ್ತದೆ ಎಂಬುದು ಅಂದಿನಿಂದ ಅಮ್ಮತ್ತಿಯಲ್ಲಿ ಸಿದ್ಧವಾದ ವಿಷಯ. ಕಂಡಕ್ಟರ್ ಬಂದು, "ಕೊಡಿ ಅಮ್ಮಾ, ಚಿಲ್ಲರೆ ಇಲ್ದಿದ್ರೂ ಪರವಾಗಿಲ್ಲ" ಎಂದ. ಇದೇ ಮನುಷ್ಯ ಎರಡು ವರ್ಷದ ಕೆಳಗೆ ಚಿಲ್ಲರೆ ಇಲ್ಲವೆಂದು ಅವಳನ್ನು ಪಾಲಿಬೆಟ್ಟದ ಕೈಮರದ ಹತ್ತಿರ ಇಳಿಸಲು ಹೊರಟಿದ್ದ. ಗಂಡ ಸತ್ತರೆ ಚಿಲ್ಲರೆಯ ತೊಂದರೆ ಇರುವುದಿಲ್ಲ.

ಕಾರು ಎಂದರೆ ಗೇಣುದ್ದದ ತಗಡಿನ ಕಾರು. ಜಪಾನಿನಲ್ಲಿ ಮಾಡಿದ್ದು, ಹಡಗಿನಲ್ಲಿ ಕೆಲಸಕ್ಕಿದ್ದ, ತೋಟದ ಮನೆಗಳ ಭಾವಂದಿರು ಕೊಚ್ಚಿಯಲ್ಲಿ ಇಳಿಸಿ ತಂದದ್ದು. ಡಬ್ಬಿಯ ಮೇಲೆ ರಿಮೋಟ್ ಕಂಟ್ರೋಲ್ ಎಂದು ದಪ್ಪ ಅಕ್ಷರದಲ್ಲಿ ಬರೆದಿರುತ್ತಿತ್ತು. ರಿಮೋಟ್ ಎಂದರೆ ಒಂದು ಮಾರುದ್ದದ ವೈರು, ಅದರ ತುದಿಗೆ ಬ್ಯಾಟರಿ ಶೆಲ್ಲು ತುಂಬಿದ ಪೆಟ್ಟಿಗೆ, ಪೆಟ್ಟಿಗೆಯ ಮೇಲೊಂದು ಗುಂಡಿ. ಗುಂಡಿ ಒತ್ತಿದರೆ ಕಾರು ಓಡುತ್ತದೆ. ಕಾರಿನ ಹಿಂದೆ ಗುಂಡಿ ಒತ್ತಿದವನೂ ಓಡಬೇಕು. ತಾತ ಹೊಡೆದ ಹುಲಿಯ ತಲೆಯನ್ನು ಜಗುಲಿಯಲ್ಲಿ ನೇತುಹಾಕಿಕೊಂಡ ಮನೆತನದ ಗಂಡಸರು ಸೊಂಟ ಬಗ್ಗಿಸಿಕೊಂಡು, ಆಡಿನ ಮರಿಗೆ ಹಗ್ಗ ಕಟ್ಟಿ ಎಳೆದೊಯ್ಯುವವರಂತೆ, ಅಲ್ಲ, ಆಡಿನ ಮರಿಯೇ ಅವರನ್ನು ಎಳೆದೊಯ್ಯುವಂತೆ, ಸಿಮೆಂಟಿನ ಕಾಫಿ ಕಣದ ಮೇಲೆ ಓಡುವುದನ್ನು ಕಾಮಾಕ್ಷಿ ಮೊದಲ ಸಲ ಕಂಡಾಗ ಮದುವೆಯಾಗಿ ಆರು ತಿಂಗಳಾಗಿರಲಿಲ್ಲ, ಆಗ ಅವಳಿಗೆ ನಗು ಬರುತ್ತಿತ್ತು. ಮಕ್ಕಳಿಗೆಂದು ತಂದದ್ದು. ಮಕ್ಕಳು ವಾರದೊಳಗೆ ಬೇಸತ್ತು ಗೋಲಿಯಾಟಕ್ಕೆ ಮರಳಿದರು. ಅಪ್ಪಂದಿರು ಮರಳಲಿಲ್ಲ. ಯಾರ ಕಾರು ಮುಂದೆ ಎಂಬ ಪ್ರಶ್ನೆ ಎದ್ದಿತು, ಕಾಫಿಯ ಬೆಲೆ ಬಿದ್ದ ಪ್ರಶ್ನೆಗಿಂತ ಜೋರಾಗಿ ಎದ್ದಿತು, ಕೊನೆಗೆ ನಾಣಯ್ಯನವರ ತೋಟದಲ್ಲಿ ಕಾಫಿ ಹಣ್ಣು ಸುಲಿಯುವ ಪಲ್ಪರಿನ ಎಂಜಿನ್ ನೋಡಿಕೊಳ್ಳುತ್ತಿದ್ದ ದೇವರಾಜುವಿನ ಬಾಗಿಲಿಗೆ ಬಂತು. ಮೋಟಾರನ್ನು ಬಿಚ್ಚಿ, ಒಳಗಿನ ಕೂದಲೆಳೆಯ ತಂತಿ ತೆಗೆದು, ದಪ್ಪ ತಂತಿಯನ್ನು ಕಡಿಮೆ ಸುತ್ತು ಸುತ್ತಿದರೆ ಅದು ಹೆಚ್ಚು ವೇಗವಾಗಿ ತಿರುಗುತ್ತದೆ ಎಂದು ಅವನು ಎಲ್ಲೋ ಓದಿದ್ದ. ಎಷ್ಟು ದಪ್ಪ, ಎಷ್ಟು ಕಡಿಮೆ ಎನ್ನುವ ಪುಟ ತಿರುವಿರಲಿಲ್ಲ. ಒಮ್ಮೆ, ಅನ್ನ ಬಡಿಸುತ್ತ, ಸುತ್ತು ಇನ್ನೂ ಹತ್ತಿರ ಬರಬೇಕು, ತಂತಿ ಸುತ್ತುವ ಕಬ್ಬಿಣದ ಮೂರೂ ಕೊಂಬಿಗೆ ಒಂದೇ ತೂಕ ಬೀಳಬೇಕು ಎಂದು ಕಾಮಾಕ್ಷಿ ಹೇಳಿದ್ದಳು. "ನಿಂದೆಲ್ಲ ಪುಸ್ತಕದ ಬದನೆಕಾಯಿ ಕಣೇ" ಎಂದು ದೇವರಾಜು ನಕ್ಕಿದ್ದ. ಒಳ್ಳೆಯ ನಗು ಅವನದು. ತಟ್ಟೆಯಲ್ಲಿದ್ದದ್ದೂ ಬದನೆಕಾಯಿಯೇ. ಆಮೇಲೆ ಅವಳ ಕೆಲಸ ತಂತಿಯ ಉರುಳೆ ಹಿಡಿದುಕೊಂಡು ಎದುರಿಗೆ ಕೂರುವುದು, ಮೋಟಾರು ಸುಟ್ಟಾಗ ಕಿಟಕಿ ತೆಗೆಯುವುದು.

ಮನೆಯ ಮುಂದೆ ನಾಣಯ್ಯನವರ ಜೀಪು ನಿಂತಿತ್ತು. ಜಗುಲಿಯಲ್ಲಿ ಅವರು, ಎದುರಿಗೆ ಹೊಸ್ತಿಲ ಪಕ್ಕದಲ್ಲಿ ಅತ್ತೆ ಚಲುವಮ್ಮ, ಇಬ್ಬರ ನಡುವೆ ಚಾಪೆಯ ಮೇಲೆ ನೀಲಿ ಡಬ್ಬಿ. ನಾಣಯ್ಯ ಎದ್ದು ನಿಂತು, "ಬಂದ್ರಾ ಟೀಚರೇ, ಕೂರಿ ಕೂರಿ, ಸಂಕೋಚ ಬೇಡ" ಎಂದರು. ತನ್ನ ಮನೆಯಲ್ಲಿ ಕೂರಲು ಅಪ್ಪಣೆಯಾದದ್ದಕ್ಕೆ ಕಾಮಾಕ್ಷಿ ಕೂತಳು.

"ಕಾಫಿ ಆಯ್ತಾ ನಾಣಯ್ಯನವ್ರೇ?"

"ಅಮ್ಮ ಕೊಟ್ರು, ಬೆಲ್ಲದ್ದು. ಒಳ್ಳೇ ಉಂಟು. ನಮ್ಮ ಮನೇಲಿ ಒಳ್ಳೇ ಕಾಫಿ ಎಲ್ಲಿಂದ? ಒಳ್ಳೇ ಬೀಜ ಎಲ್ಲ ನಿಮ್ಮ ಮೈಸೂರಿಗೆ ಹೋಗ್ತದಲ್ಲ." ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ವರ್ಷಗಳಾಗಿದ್ದರೂ ನಾಣಯ್ಯನವರ ಬಾಯಲ್ಲಿ ಇನ್ನೂ ಸೇರಿರಲಿಲ್ಲ, ಮತ್ತು ಹಾಸನದ ಕಡೆಯಿಂದ ಬಂದ ಮನೆತನದ ಸೊಸೆಯಾದ್ದರಿಂದ ಆ ಸೇರ್ಪಡೆಗೆ ಕಾಮಾಕ್ಷಿಯೇ ಜವಾಬುದಾರಳು. "ಬೆಂಗಳೂರಲ್ಲಿ ಕೂತು ಅವ್ರು ಗುಂಡಿ ಒತ್ತುದು, ಇಲ್ಲಿ ನಾವು ಓಡುದು. ಇದೂ ರಿಮೋಟ್ ಕಂಟ್ರೋಲೇ ಅಲ್ವಾ?" ತಮ್ಮ ಮಾತಿಗೆ ತಾವೇ ನಕ್ಕು, ಕೂಡಲೇ ಸಾವಿನ ಮನೆ ಎಂದು ನೆನಪಾಗಿ ನಗುವನ್ನು ಮೀಸೆಯೊಳಗೆ ಒರೆಸಿಕೊಂಡರು. ಈ ಮನೆಗೆ ಬರುವವರೆಲ್ಲ ಹೀಗೇ. ಹೊರಗೆ ಬಿಸಿಲಿದ್ದರೂ ಒಳಗೆ ಬರುವಾಗ ಒಂದು ಕೊಡೆಯನ್ನು ಮುಖದ ಮೇಲೆ ಬಿಚ್ಚಿಕೊಂಡು ಬರುತ್ತಾರೆ.

"ಎಂತ ಅಂದ್ರೆ," ಅವರು ಡಬ್ಬಿ ತೆರೆದರು, "ಇದು ಹೊಸ ಮಾಡೆಲ್. ಈ ವರ್ಷವೇ ಮೊದಲು ಮಾಡಿದ್ದಂತೆ. ನಮ್ಮ ಭಾವ ಮೊನ್ನೆ ಮೊನ್ನೆ ಕೊಚ್ಚೀಲಿ ಇಳ್ಸಿದ್ದು. ದೇವರಾಜು ಇದಕ್ಕೆ ಏನಾದ್ರೂ ಸುತ್ತಿಟ್ಟಿದ್ನಾ ಅಂತ ಕೇಳುವ ಅಂತ ಬಂದೆ."

ಉದ್ದ ಮೂತಿಯ ಹಸಿರು ಕಾರು. ಹೊಟ್ಟೆಯ ತಗಡು ಸರಿಸಿ ಅವರು ಮೋಟಾರನ್ನು ಅವಳ ಅಂಗೈಗೆ ಹಾಕಿದರು. ಕಿಂಡಿಯಿಂದ ಒಳಗೆ ನೋಡಿದಳು. ಹಳೆಯದರಲ್ಲಿ ತಂತಿ ಸುತ್ತುವ ಕಬ್ಬಿಣಕ್ಕೆ ಮೂರು ಕೊಂಬು, ಇದಕ್ಕೆ ಐದು. ಐದು ದಳದ ಒಂದು ಕರಿಯ ಹೂವು. ಬೆರಳ ತುದಿಯಲ್ಲಿ ತಿರುಗಿಸಿದಳು. ಮೂರರದು ತಡೆದು ತಡೆದು ತಿರುಗುತ್ತಿತ್ತು, ಕುಂಟನ ಹಾಗೆ, ಇದು ಜಾರಿತು. ಎಷ್ಟೋ ತಿಂಗಳಿಂದ ಜೋಮು ಹಿಡಿದಂತಿದ್ದ ಮೈಯಲ್ಲಿ ಆ ಒಂದು ಬೆರಳ ತುದಿ ಮಾತ್ರ ಎದ್ದು ಕೂತಿತು. ಐದಕ್ಕೂ ಒಂದೇ ಬಿಗಿ ಬರಬೇಕಾದರೆ ಎಲ್ಲಿಂದ ಹಿಡಿಯಬೇಕು, ಮೊದಲ ಕೊಂಬಿನಿಂದ ಎರಡನೆಯದಕ್ಕೆ ಹೋಗಬೇಕೋ, ಒಂದು ಬಿಟ್ಟು ಹಾರಬೇಕೋ—

"ಇದೆ," ಎಂದಳು.

"ಇದಕ್ಕೂ ಉಂಟಾ!"

"ಹ್ಞೂಂ. ಅವರು ಸುತ್ತಿಟ್ಟಿದ್ದಾರೆ. ನಾನು ಬರೀ ಕೂರಿಸಿ ಕೊಡ್ತೀನಿ."

ಹೊಸ್ತಿಲ ಬಳಿ ಚಲುವಮ್ಮ ಕೆಮ್ಮಿದರು.

ಈ ಕೆಮ್ಮು ಹೊಸದಲ್ಲ. ಅವರು ಸುತ್ತಿಟ್ಟಿದ್ದಾರೆ ಎಂದು ಸೊಸೆ ಹೇಳಿದಾಗಲೆಲ್ಲ ಅತ್ತೆಗೆ ಗಂಟಲು ಕೆರೆಯುತ್ತಿತ್ತು. ಬಂದವರು, ಅಮ್ಮನಿಗೆ ಮಗನ ನೆನಪಾಯಿತು ಎಂದುಕೊಂಡು ತಲೆ ತಗ್ಗಿಸುತ್ತಿದ್ದರು. ನಾಣಯ್ಯನೂ ತಗ್ಗಿಸಿದರು. ಮತ್ತೆ ತಲೆಯೆತ್ತಿ, ಬರುವ ಭಾನುವಾರ ಅಲ್ಲ, ಅದರ ಮುಂದಿನ ಭಾನುವಾರ ತಮ್ಮ ಕಣದಲ್ಲಿ ದೇವರಾಜು ಹೆಸರಿನಲ್ಲಿ, ಗೆದ್ದ ಕಾರಿಗೆ, ಒಂದು ಕಪ್ಪು ಇಟ್ಟಿರುವುದಾಗಿಯೂ, ತೋಟದವರ ಕ್ಲಬ್ಬಿನವರೆಲ್ಲ ಸೇರಿ ಓಡಿಸುವುದಾಗಿಯೂ, ಅತ್ತೆ ಸೊಸೆ ಇಬ್ಬರೂ ಬರಲೇಬೇಕೆಂದೂ ಹೇಳಿದರು. "ಇನ್ನೊಂದು ಮಾತು. ಅವ ಸುತ್ತಿಟ್ಟದ್ದು ಉಳಿದದ್ದು ಎಷ್ಟುಂಟೋ ಎಲ್ಲ ಅವತ್ತು ಕ್ಲಬ್ಬಿಗೆ ಕೊಟ್ಟುಬಿಡಿ. ಉತ್ತಯ್ಯ ಗಾಜಿನ ಬೀರು ಮಾಡ್ಸಿದಾನೆ. ಹೀಗೆ ಒಂದೊಂದೇ ಹಾಕಿ ಓಡಿಸಿ ಸುಟ್ಟುಹಾಕಿದ್ರೆ, ಮತ್ತೆ ಬೇಕು ಅಂದ್ರೆ ಸತ್ತವ ಬಂದು ಸುತ್ತಿಕೊಡ್ತಾನಾ?"

ಜೀಪು ಹೋಯಿತು. ಕಾಮಾಕ್ಷಿ ಕೈಕಾಲು ತೊಳೆದು, ಸೀರೆ ಬದಲಾಯಿಸಿ, ಹಿತ್ತಲಿನ ತಂತಿಯಿಂದ ಬಟ್ಟೆ ತೆಗೆಯುತ್ತಿರುವಾಗ ತಾನು ಏನು ಹೇಳಿದೆನೆಂಬುದು ಅವಳಿಗೆ ಹೊಳೆಯಿತು. ಈ ವರ್ಷ ಹುಟ್ಟಿದ ಕಾರು. ಹೋದ ವರ್ಷದ ಮಳೆಗಾಲದಲ್ಲಿ ಕಾಮಾಲೆಯಿಂದ ಸತ್ತ ಮನುಷ್ಯ ಅದಕ್ಕೆ ಮೋಟಾರು ಸುತ್ತಿಟ್ಟಿದ್ದಾನೆ. ಒದ್ದೆ ಲಂಗವೊಂದನ್ನು ಕೈಯಲ್ಲಿ ಹಿಡಿದು ಅವಳು ಹಾಗೇ ನಿಂತಳು. ಇನ್ನೇನು ನಾಣಯ್ಯನವರಿಗೂ ಹೊಳೆಯುತ್ತದೆ. ದಾರಿಯಲ್ಲಿ ಎಲ್ಲೋ, ಗೇರು ಬದಲಾಯಿಸುವಾಗ ಹೊಳೆಯುತ್ತದೆ, ಜೀಪು ತಿರುಗಿಸಿಕೊಂಡು ಬರುತ್ತಾರೆ. ಸುಳ್ಳು ಹೇಳಿದಿರಾ ಟೀಚರೇ ಎನ್ನುತ್ತಾರೆ. ಅದನ್ನಾದರೂ ತಡೆದುಕೊಳ್ಳಬಹುದು. ಓಹೋ ನೀವು ಸುತ್ತಿದ್ದಾ, ಪಾಪ, ಮನಸ್ಸಿಗೆ ಸಮಾಧಾನಕ್ಕೆ ಎನ್ನುತ್ತಾರೆ, ನಾಳೆಯಿಂದ ಯಾರೂ ಮೋಟಾರು ತರುವುದಿಲ್ಲ. ವಿಧವೆಯ ಕೈಯಿಂದ ಆಟದ ಸಾಮಾನು ರಿಪೇರಿ ಮಾಡಿಸಿಕೊಳ್ಳುವಷ್ಟು ಮರ್ಯಾದೆಗೆಟ್ಟವರಲ್ಲ ಅವರು. ಹೇಳಿದರೆ ಮೋಟಾರು ಬರುವುದು ನಿಲ್ಲುತ್ತದೆ. ಹೇಳದಿದ್ದರೆ ಗಾಜಿನ ಬೀರುವಿನೊಳಗೆ ಬೀಗ ಬೀಳುತ್ತದೆ. ಯಾವ ಕಡೆಯಿಂದ ನೋಡಿದರೂ ಆ ಭಾನುವಾರದ ಆಚೆ ಅವಳ ಬೆರಳುಗಳಿಗೆ ಕೆಲಸವಿಲ್ಲ; ಉಳಿದ ಮೈಗೆ ಮೊದಲೇ ಇರಲಿಲ್ಲ.

ಯಾರಿಗೂ ಹೊಳೆಯಲಿಲ್ಲ. ಮಾರನೆಯ ದಿನ ಬಸ್‌ಸ್ಟ್ಯಾಂಡಿನಲ್ಲಿ ಕ್ಲಬ್ಬಿನ ಕಾರ್ಯದರ್ಶಿ ಉತ್ತಯ್ಯ ಅವಳನ್ನು ನೋಡಿ ಹ್ಯಾಟು ತೆಗೆದು, "ನಾಣಯ್ಯ ಹೇಳ್ದ. ಎಂಥ ಮುಂದಾಲೋಚನೆ ಅಲ್ವಾ? ಬರ್ಲಿಕ್ಕಿರುವ ಕಾರಿಗೂ ಮೊದಲೇ ಸುತ್ತಿಟ್ಟು ಹೋಗ್ಬೇಕು ಅಂದ್ರೆ!" ಎಂದರು. ಕಾಮಾಕ್ಷಿ ಅವರ ಮುಖವನ್ನೇ ನೋಡಿದಳು. ತಮಾಷೆಯ ಒಂದು ಗೆರೆ ಇರಲಿಲ್ಲ. ಮುಂದಾಲೋಚನೆ ಎಂಬ ಪದ ಸಂತೆಯ ಹೊತ್ತಿಗೆ ದೂರದೃಷ್ಟಿಯಾಯಿತು. ಶನಿವಾರ ನಾಣಯ್ಯನವರ ಹೆಂಡತಿ ಬೊಳ್ಳಮ್ಮ ಎದುರಿಗೆ ಸಿಕ್ಕಾಗ ಅದು ದಿವ್ಯದೃಷ್ಟಿಯಾಗಿತ್ತು. "ನಿಮ್ಗೆ ಅಂಥ ಗಂಡ ಸಿಕ್ಕಿದ್ದು ಪುಣ್ಯ" ಎಂದರು ಬೊಳ್ಳಮ್ಮ, ಪುಣ್ಯ ಈಗ ಎಲ್ಲಿದೆ ಎಂಬುದು ನೆನಪಾಗಿ, "ಇದ್ದಷ್ಟು ದಿನ" ಎಂದು ಸೇರಿಸಿದರು. ಅವಳಿಗೆ ಭಯ ಹೋಗಿ ಅದರ ಜಾಗದಲ್ಲಿ ಇನ್ನೇನೋ ಬಂತು, ಅವಮಾನದ ಹಾಗಿನದು. ಸತ್ತವನು ಹುಟ್ಟದ ಕಾರಿಗೆ ಮೋಟಾರು ಸುತ್ತಿದ ಎಂದು ನಂಬುವುದು ಇವರಿಗೆ ಇಷ್ಟು ಸುಲಭ. ಬದುಕಿರುವವಳೊಬ್ಬಳು ಪಕ್ಕದಲ್ಲೇ ಕೂತಿದ್ದಾಳೆ ಎಂಬ ಸಂಶಯವೂ ಬರಲಿಲ್ಲವಲ್ಲ.

ನಡುವಿನ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅವಳು ಕಿಟಕಿಯ ಬೆಳಕಿಗೆ ಮೇಜು ಎಳೆದುಕೊಂಡಳು. ಅತ್ತೆ ನೆಲದ ಮೇಲೆ ಮೊರ ಇಟ್ಟುಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ಐದು ಕೊಂಬಿನ ಕಬ್ಬಿಣವನ್ನು ಬಲಗೈಯಲ್ಲಿ ಹಿಡಿದು, ಎಡಗೈಯಿಂದ ತಂತಿ ತಂದಳು. ಎಡಗೈ. ಹಾಸನದ ಶಾಲೆಯಲ್ಲಿ ಮೇಷ್ಟ್ರು ಬೆರಳ ಗೆಣ್ಣಿಗೆ ರೂಲುದೊಣ್ಣೆಯಿಂದ ಹೊಡೆದು ಬರೆಯುವುದನ್ನು ಬಲಗೈಗೆ ದಾಟಿಸಿದರು. ಅಮ್ಮ ಮಣಿಕಟ್ಟಿಗೆ ಬಟ್ಟೆ ಕಟ್ಟಿ ಉಣ್ಣುವುದನ್ನು ದಾಟಿಸಿದಳು. ಮದುವೆಯಾಗಿ ಬಂದ ವಾರ ಚಲುವಮ್ಮ, "ಅಯ್ಯೋ, ರೊಡ್ಡಗೈನವಳ ತಂದ್ಬುಟ್ನಲ್ಲಪ್ಪ" ಎಂದು ಬಡಿಸುವುದನ್ನು, ಅರಿಸಿನ ಕೊಡುವುದನ್ನು, ಬಾಗಿಲು ತೆಗೆಯುವುದನ್ನು ದಾಟಿಸಿದರು. ಹೀಗೆ ಒಂದೊಂದೇ ಕೆಲಸ ಬಲಕ್ಕೆ ವಲಸೆ ಹೋಗಿ, ಎಡಗೈ ಮನೆಯಲ್ಲಿ ಬೇಡವಾದ ನೆಂಟಳ ಹಾಗೆ ಸೆರಗಿನೊಳಗೆ ಕೂತಿತ್ತು. ಗಂಡ ಸತ್ತ ಮೂರನೆಯ ತಿಂಗಳಲ್ಲಿ ಉತ್ತಯ್ಯ ಬಂದು, ನಮ್ಮ ಕಾರಿನದು ಏನಾದರೂ ಸುತ್ತಿಟ್ಟಿದ್ನಾ ಎಂದು ಕೇಳಿದಾಗ, ಅರ್ಧ ಸುತ್ತಿದ ಒಂದು ಮೋಟಾರು ನಿಜವಾಗಿಯೂ ಮೇಜಿನ ಮೇಲಿತ್ತು. ಉಳಿದರ್ಧ ಸುತ್ತಿ ಕೊಟ್ಟರಾಯಿತು ಎಂದು ಕೂತಳು. ನೋಡಿದರೆ ಅವನ ಸುತ್ತುಗಳು ಒಂದರ ಮೇಲೊಂದು ಏರಿ, ದನ ತುಳಿದ ಬೇಲಿಯ ಹಾಗಿದ್ದವು. ಬಿಚ್ಚಿದಳು. ಅವನ ಕೈ ಭೂಮಿಯ ಮೇಲೆ ಕೊನೆಗೆ ಮಾಡಿದ್ದನ್ನು, ಕೊನೆಯ ಸುತ್ತಿನಿಂದ ಮೊದಲ ಸುತ್ತಿನವರೆಗೆ, ಪೂರ್ತಿ ಬಿಚ್ಚಿ, ತಂತಿಯನ್ನು ಬಟ್ಟೆಯಲ್ಲಿ ಹಿಡಿದು ಎಳೆದು ನೆಟ್ಟಗೆ ಮಾಡುವಾಗಲಾದರೂ ಏನಾದರೂ ಆಗುತ್ತದೆ ಎಂದು ಅವಳು ಕಾದಿದ್ದಳು. ಆಗಲಿಲ್ಲ. ತಂತಿ ನೆಟ್ಟಗಾಯಿತು. ಆ ಹೊತ್ತಿಗೆ ಯಾರ ಅಪ್ಪಣೆಯನ್ನೂ ಕೇಳದೆ ಎಡಗೈ ಸೆರಗಿನಿಂದ ಹೊರಗೆ ಬಂದಿತ್ತು.

ಎಡಗೈ ಸುತ್ತಿದರೆ ತಂತಿ ಎಡಕ್ಕೆ ಸುತ್ತುತ್ತದೆ. ಎಡಕ್ಕೆ ಸುತ್ತಿದ ಮೋಟಾರು ಹಿಂದಕ್ಕೆ ತಿರುಗುತ್ತದೆ. ದೊಡ್ಡ ಸಂಗತಿಯಲ್ಲ. ಹೊರಗೆ ಬರುವ ಎರಡು ವೈರನ್ನು ಅದಲುಬದಲು ಮಾಡಿ, ಕೆಂಪು ಇರಬೇಕಾದಲ್ಲಿ ಕಪ್ಪು, ಕಪ್ಪು ಇರಬೇಕಾದಲ್ಲಿ ಕೆಂಪು ಸೇರಿಸಿ ಬೆಸುಗೆ ಹಾಕಿದರೆ ಕಾರು ಮುಂದಕ್ಕೇ ಹೋಗುತ್ತದೆ. ಹಾಗೇ ಮಾಡುತ್ತ ಬಂದಿದ್ದಳು. ಅವಳು ಇಷ್ಟು ಕಾಲ ಉಂಡದ್ದು, ಬರೆದದ್ದು, ನಮಸ್ಕಾರ ಮಾಡಿದ್ದು ಎಲ್ಲವೂ ಅದೇ ತಾನೆ.

"ಅವ್ನು ಹೋದಾಗ ಈ ಕಾರು ಹುಟ್ಟೇ ಇರ್ನಿಲ್ವಲ್ಲವ್ವ," ಎಂದರು ಚಲುವಮ್ಮ, ಮೊರದಿಂದ ಕಣ್ಣೆತ್ತದೆ.

ತಂತಿ ಹಿಡಿದ ಬೆರಳು ನಿಂತಿತು. "ನಿಮಗೆ ಗೊತ್ತಾಯ್ತಾ?"

"ನಂಗೆ ಅಕ್ಕೀಲಿ ಕಲ್ಲು ಗೊತ್ತಾಯ್ತದೆ. ಇದ್ ಗೊತ್ತಾಗಲ್ವಾ?"

"ಅವರಿಗೂ ಗೊತ್ತಾಗತ್ತೆ ಅಂತೀರಾ?"

"ಯಾರ್ಗೆ, ಗಂಡಸ್ರಿಗಾ?" ಒಂದು ಕಲ್ಲನ್ನು ಕಿಟಕಿಯಾಚೆ ಎಸೆದರು. ಮತ್ತೆ ಮೊರ ಆಡಿಸಿದರು. "ಇದ್ದಾಗ ಅವ್ನ ಹೆಸ್ರು ನೆಟ್ಗೆ ಕರ್ದೋರಿಲ್ಲ. ಪಲ್ಪರ್ ದೇವ್ರಾಜ ಅನ್ನೋರು. ಈಗ ನೋಡು, ಕಪ್ಪಿನ್ ಮ್ಯಾಲೆ ಬರೆಸ್ಯವ್ರಂತೆ, ದೇವರಾಜು ಅಂತ, ಪೂರ್ತಿ. ಸತ್ಮೇಲೆ ಉದ್ಧಾರ ಆದ ನನ್ ಮಗ."

ಹೊಗಳಿಕೆಯೋ, ಬೇಡಿಕೆಯೋ, ಚುಚ್ಚೋ ತಿಳಿಯಲಿಲ್ಲ. ಬಾಯಿ ಬಿಟ್ಟರೆ ಈ ಮುದುಕಿಯ ಮಗ ಎರಡನೆಯ ಸಲ ಸಾಯುತ್ತಾನೆ, ಈ ಸಲ ಕೊಂದವಳು ತಾನಾಗುತ್ತೇನೆ ಎನ್ನಿಸಿತು. ಕಾಮಾಕ್ಷಿ ಮತ್ತೆ ಸುತ್ತತೊಡಗಿದಳು. ಒಂದು ಕೊಂಬು ಬಿಟ್ಟು ಇನ್ನೊಂದಕ್ಕೆ ಹಾರುವುದೇ ಸರಿಯಾದ ದಾರಿಯಾಗಿತ್ತು. ಐದು ದಳವೂ ತಾಮ್ರದ ಹೊಳಪಿನಿಂದ ತುಂಬಿ, ಎಳೆಗೆ ಎಳೆ ಕೂತು, ಎಲ್ಲೂ ಒಂದು ಉಬ್ಬಿಲ್ಲದೆ ನಿಂತಾಗ ಕಿಟಕಿಯ ಬಿಸಿಲು ಗೋಡೆಗೆ ಹತ್ತಿತ್ತು. ಇಷ್ಟು ಚೆನ್ನಾದದ್ದನ್ನು ಅವಳು ಹಿಂದೆ ಮಾಡಿರಲಿಲ್ಲ. ಗಾಜಿನ ಬೀರುವಿಗೆ ತಕ್ಕದ್ದೇ. ವೈರು ಅದಲುಬದಲು ಮಾಡಿ ಬೆಸುಗೆ ಹಾಕಿ, ಕಾರಿನ ಹೊಟ್ಟೆ ಮುಚ್ಚಿ, ಸೋಮವಾರ ಬೆಳಿಗ್ಗೆ ಜೀಪು ಬಂದಾಗ ಕೊಟ್ಟಳು. ಚಲುವಮ್ಮ ತಪ್ಪದೆ ಕೆಮ್ಮಿದರು.

ಕಪ್ಪಿನ ಓಟದ ಭಾನುವಾರ ಒಳ್ಳೆಯ ಬಿಸಿಲಿತ್ತು. ಕಾಫಿ ಕೊಯ್ಲಿಗೆ ಇನ್ನೂ ಹೊತ್ತಿದ್ದುದರಿಂದ ಕಣ ಖಾಲಿ. ಗುಡಿಸಿ, ತೊಳೆದು, ಸುಣ್ಣದ ಗೆರೆ ಎಳೆದಿದ್ದರು. ಓಟ ಶುರುವಾಗುವ ಗೆರೆಯ ಹಿಂದೆ, ಕಣದ ಗೋಡೆಯ ಪಕ್ಕ ಒಂದು ಸ್ಟೂಲು, ಸ್ಟೂಲಿನ ಮೇಲೆ ದೇವರಾಜುವಿನ ಫೋಟೊ, ಅದಕ್ಕೆ ನೆಲ ಮುಟ್ಟುವ ಚೆಂಡುಹೂವಿನ ಹಾರ. ಇದು ಮದುವೆಯ ಫೋಟೊದಿಂದ ಕತ್ತರಿಸಿ ದೊಡ್ಡದು ಮಾಡಿಸಿದ್ದು. ಎಡ ಅಂಚಿನಲ್ಲಿ ಕಾಮಾಕ್ಷಿಯ ಭುಜದ ಒಂದು ಚೂರು ಉಳಿದುಕೊಂಡಿತ್ತು. ಗಂಡಸರಿಗೆ ಕುರ್ಚಿ, ಹೆಂಗಸರಿಗೆ ಪಕ್ಕದ ಗೋದಾಮಿನ ನೆರಳಿನಲ್ಲಿ ಬೆಂಚು. ಬೊಳ್ಳಮ್ಮ ಅವಳನ್ನೂ ಅತ್ತೆಯನ್ನೂ ಕೈಹಿಡಿದು ಕೂರಿಸಿದರು. ಉತ್ತಯ್ಯ ಭಾಷಣ ಮಾಡಿದರು. ದೇವರಾಜು ಅವರು ನಮ್ಮನ್ನು ಅಗಲಿದರೂ ಅವರ ಮೋಟಾರುಗಳು ನಮ್ಮೊಂದಿಗಿವೆ. ಅವರು ಹೋದ ಮೇಲೆಯೇ ಅವರ ನಿಜವಾದ ಬೆಲೆ ನಮಗೆ ತಿಳಿಯಿತು (ಇದು ನಿಜ). ಹುಟ್ಟಿರದ ಕಾರಿಗೂ ಮೋಟಾರು ಸುತ್ತಿಟ್ಟ ಆ ದೂರದೃಷ್ಟಿ ಇಂದಿನ ಯುವಕರಿಗೆ ಮಾದರಿ. ಜನ ಚಪ್ಪಾಳೆ ತಟ್ಟಿದರು. ಬೀರು ಆಗಲೇ ಬಂದು ಕಣದ ಮೂಲೆಯಲ್ಲಿ ನಿಂತಿತ್ತು, ಗಾಜಿನ ಬಾಗಿಲಿಗೆ ಪುಟ್ಟ ಹಿತ್ತಾಳೆಯ ಬೀಗ. "ಅಂಥವರ ಕೈಯೂ ಒಂದೇ ಒಂದು ಕಡೆ ತಪ್ಪಿತ್ತು," ಉತ್ತಯ್ಯ ವಿನಯದಿಂದ ಗಂಟಲು ಸರಿಮಾಡಿಕೊಂಡರು. "ಕಾಯಿಲೆಯಲ್ಲಿ ಮಾಡಿದ್ದಿರಬೇಕು ಪಾಪ. ನಾಣಯ್ಯನವರ ಕಾರಿನಲ್ಲಿ ಕೆಂಪು ವೈರು ಕಪ್ಪಿನ ಜಾಗದಲ್ಲಿ, ಕಪ್ಪು ಕೆಂಪಿನ ಜಾಗದಲ್ಲಿ ಇತ್ತು. ಹೊಸ ಮಾಡೆಲ್ ಹೇಗಿದೆ ನೋಡೋಣವೆಂದು ಇವತ್ತು ಬೆಳಿಗ್ಗೆ ಬಿಚ್ಚಿದಾಗ ಕಂಡು, ನಾನೇ ಸರಿಮಾಡಿದೆ. ಇಷ್ಟಾದರೂ ಅವರ ಸೇವೆ ನನ್ನಿಂದ ಆಯಿತಲ್ಲ ಎಂಬ ತೃಪ್ತಿ ನನಗಿದೆ."

ಕಾಮಾಕ್ಷಿಗೆ ಎದ್ದು ಬೇಡ ಎನ್ನಬೇಕೆನಿಸಿತು. ಅಷ್ಟರಲ್ಲಿ ಪೀಪಿ ಊದಿಯಾಗಿತ್ತು.

ಉಳಿದ ಕಾರುಗಳು ಮುಂದೆ ಹೋದವು, ಅವುಗಳ ಹಿಂದೆ ಗಂಡಸರು ಬಗ್ಗಿಕೊಂಡು ಹೋದರು. ನಾಣಯ್ಯನವರ ಹಸಿರು ಕಾರು, ಅಮ್ಮತ್ತಿ ಇದುವರೆಗೆ ಕಾಣದ ವೇಗದಲ್ಲಿ, ಹಿಂದಕ್ಕೆ ಬಂತು. ಮುಂದೆ ಓಡಲು ಒಂದು ಹೆಜ್ಜೆ ಎತ್ತಿದ್ದ ನಾಣಯ್ಯ ವೈರಿನ ಎಳೆತಕ್ಕೆ ಬುಗುರಿಯಂತೆ ಸುತ್ತಿ ನಿಂತರು. ಕಾರು ಅವರ ಕಾಲುಗಳ ನಡುವೆ ನುಸುಳಿ, ನೆಟ್ಟಗೆ ಸ್ಟೂಲಿಗೆ ಹೋಗಿ, ನೆಲ ಮುಟ್ಟಿದ್ದ ಹಾರದ ತುದಿಯನ್ನು ಹಿಂದಿನ ಚಕ್ರಕ್ಕೆ ಸುತ್ತಿಕೊಂಡಿತು. ಹಾರ ಎಳೆದುಕೊಂಡಿತು. ಫೋಟೊ ಒಮ್ಮೆ ತಲೆದೂಗಿ ಗೋಡೆಗೆ ಒರಗಿತು. ಹಾರದಲ್ಲಿ ಸಿಕ್ಕಿಬಿದ್ದ ಕಾರು ಅಲ್ಲೇ ನಿಂತು ಗುರುಗುಟ್ಟತೊಡಗಿತು.

"ಎಂತ ಮಾರಾಯ ಇದು!" ನಾಣಯ್ಯ ಕೂಗಿದರು. ಗಾಬರಿಯಲ್ಲಿ ಗುಂಡಿಯನ್ನು ಇನ್ನೂ ಬಲವಾಗಿ ಒತ್ತಿ ಹಿಡಿದಿದ್ದರು.

"ವೈರ್ ಸರಿ ಉಂಟು, ನಾನೇ ಹಾಕಿದ್ದು," ಎಂದರು ಉತ್ತಯ್ಯ, ಮೋರೆ ಸಪ್ಪಗಾಗಿ.

ಕುರ್ಚಿಗಳ ಮೊದಲ ಸಾಲಿನಲ್ಲಿದ್ದ ಹಿರಿಯರಾದ ಗುರುವಪ್ಪ ಕೋಲೂರಿ ಎದ್ದರು. ಕಾರನ್ನು ನೋಡಿದರು, ಹಾರವನ್ನು ನೋಡಿದರು, ಫೋಟೊ ನೋಡಿದರು. "ತಿಳೀಲಿಲ್ವಾ ನಿಮ್ಗೆ?" ಎಂದರು ಮೆಲ್ಲಗೆ. "ಸತ್ತವ್ರಿಗೆ ನಾವು ಎಲ್ಲಾ ಎಡಸುತ್ತೇ ಮಾಡುದಲ್ವಾ? ಚಿತೆಗೆ ಬರುದು ಎಡಸುತ್ತು, ನೀರು ಬಿಡುದು ಎಡಕ್ಕೆ. ಹೋದವ್ರ ಲೋಕದಲ್ಲಿ ಮುಂದೆ ಅಂದ್ರೆ ಹಿಂದೆ. ಅವನೇ ಓಡ್ಸಿದ್ದು ಇದು. ತನ್ನ ಫೋಟೊದ ಹತ್ರ ತಾನೇ ಬಂದಿದಾನೆ."

ಆಮೇಲೆ ಒಬ್ಬೊಬ್ಬರಾಗಿ ಚಪ್ಪಲಿ ಬಿಟ್ಟರು. ಉತ್ತಯ್ಯನ ಮುಖದಲ್ಲಿ ರಕ್ತ ಮರಳಿತು; ತಪ್ಪು ವೈರಿನದಲ್ಲ, ಪರಲೋಕದ್ದು. ಬೊಳ್ಳಮ್ಮ ಕೆನ್ನೆಕೆನ್ನೆ ಬಡಿದುಕೊಂಡು ಕಾಮಾಕ್ಷಿಯ ತೋಳು ಹಿಡಿದರು. ಅವಳು ಎಲ್ಲವನ್ನೂ ಬಹಳ ದೂರದಿಂದ ನೋಡುತ್ತಿದ್ದಳು. ಮೇಷ್ಟ್ರು ರೂಲುದೊಣ್ಣೆಯಿಂದ ಹೊಡೆದ ಕೈ, ಅಮ್ಮ ಬಟ್ಟೆ ಕಟ್ಟಿದ ಕೈ, ಕೊನೆಗೂ ಊರ ಮುಂದೆ ಹೊರಗೆ ಬಂತು. ಬಂದ ಕೂಡಲೇ ಅದನ್ನೂ ಅವನಿಗೇ ಕೊಟ್ಟುಬಿಟ್ಟರು. ಎಡಕ್ಕೆ ಸುತ್ತಲು ಸಾಯಬೇಕು. ಸಾಯದೆ ಎಡಕ್ಕೆ ಸುತ್ತುವವರ ಲೆಕ್ಕ ಇವರಲ್ಲಿಲ್ಲ. ಬಿಡು, ಎಂದುಕೊಂಡಳು. ಬೀರುವಿಗೆ ಹೋಗಲಿ. ದೇವರ ಪಟದ ಪಕ್ಕ ಇಟ್ಟು ಊದುಬತ್ತಿಯನ್ನೂ ಹಚ್ಚಲಿ.

ಆಗ ವಾಸನೆ ಬಂತು. ಹೂವಿನದಲ್ಲ, ಊದುಬತ್ತಿಯದಲ್ಲ. ಕಿಟಕಿ ತೆಗೆಯಲು ಅವಳನ್ನು ಎಷ್ಟೋ ಸಲ ಎಬ್ಬಿಸಿದ್ದ ವಾಸನೆ, ತಂತಿಯ ಮೇಲಿನ ಅರಗು ಬಿಸಿಯಾಗುವ ಮೊದಲ ಎಳೆ. ಚಕ್ರ ಸಿಕ್ಕಿಕೊಂಡಿದೆ, ಗುಂಡಿ ಒತ್ತಿಯೇ ಇದೆ, ಓಡಲಾರದ ಮೋಟಾರು ಒಳಗೊಳಗೇ ಬೇಯುತ್ತಿದೆ. ಐದು ದಳ. ಎಳೆಗೆ ಎಳೆ.

"ಹೋಗವ್ವ," ಪಕ್ಕದಿಂದ ಚಲುವಮ್ಮ, ಫೋಟೊದಿಂದ ಕಣ್ಣು ಕೀಳದೆ, ತುಟಿಯಷ್ಟೇ ಆಡಿಸಿ ಹೇಳಿದರು. "ಸುಟ್ಟೋಯ್ತದೆ."

ಅವಳು ಬೊಳ್ಳಮ್ಮನ ಕೈ ಬಿಡಿಸಿಕೊಂಡು ಬಿಸಿಲಿಗೆ ಇಳಿದಳು. ಗಂಡನ ಫೋಟೊದ ಕಡೆ ಹೆಂಡತಿ ಹೋಗುತ್ತಿದ್ದಾಳೆ, ಕೊನೆಗೂ ಅಳು ಬಂತು ಎಂದು ಜನ ದಾರಿ ಬಿಟ್ಟರು. ಅವಳು ಫೋಟೊವನ್ನು ನೋಡಲಿಲ್ಲ. ಮಂಡಿಯೂರಿ ಕೂತು, "ಗುಂಡಿ ಬಿಡಿ ನಾಣಯ್ಯನವ್ರೇ" ಎಂದಳು. ಶಾಲೆಯ ಧ್ವನಿ. ಅವರು ಬಿಟ್ಟರು. ಚಕ್ರಕ್ಕೆ ಸುತ್ತಿದ ಹಾರವನ್ನು ಹೂ ಉದುರಿಸದೆ, ಬಲಕ್ಕೆ ಒಂದೊಂದೇ ಸುತ್ತು ಬಿಚ್ಚಿದಳು. ಹೊಟ್ಟೆಯ ತಗಡು ಸರಿಸಿ ಎಡಗೈಯನ್ನು ಒಳಗೆ ಹಾಕಿದಳು.

"ಅಯ್ಯೋ ಎಡಗೈಯಲ್ಲಿ ಮುಟ್ಟಬೇಡಿ!" ಹಿಂದಿನಿಂದ ಬೊಳ್ಳಮ್ಮ.

ಮೋಟಾರು ಕೆಂಡವಾಗಿತ್ತು. ಹೆಬ್ಬೆರಳು, ತೋರುಬೆರಳು ಎರಡೂ ಚುರ್ ಎಂದವು. ನೋವು. ಎಷ್ಟು ದಿನಗಳ ಮೇಲೆ ಬಂದ ನೋವು, ಪರಿಚಯವಿರುವವರು ಬಂದ ಹಾಗೆ ನೇರವಾಗಿ ಒಳಗೆ ಬಂತು, ಮೊಣಕೈವರೆಗೆ, ಭುಜದವರೆಗೆ. ಅವಳು ಕೈ ತೆಗೆಯಲಿಲ್ಲ. ಉತ್ತಯ್ಯ ಹಾಕಿದ್ದ ಬೆಸುಗೆ ತುಪ್ಪದ ಹಾಗೆ ಮೆತ್ತಗಿತ್ತು. ಎರಡು ವೈರನ್ನೂ ಕಿತ್ತು, ಕೆಂಪನ್ನು ಕಪ್ಪಿನ ಜಾಗಕ್ಕೆ, ಕಪ್ಪನ್ನು ಕೆಂಪಿನ ಜಾಗಕ್ಕೆ ತಿರುಚಿ ಸೇರಿಸಿ, ಕಾರನ್ನು ಸುಣ್ಣದ ಗೆರೆಯ ಮೇಲೆ ಇಟ್ಟಳು.

"ಒತ್ತಿ."

ಕಾರು ಹೋಯಿತು. ನಾಣಯ್ಯನವರ ಕೈಯಿಂದ ಪೆಟ್ಟಿಗೆಯನ್ನೇ ಕಿತ್ತುಕೊಂಡು, ಅದನ್ನೂ ಬಾಲದ ಹಾಗೆ ಎಳೆದುಕೊಂಡು, ಒತ್ತಿದ ಗುಂಡಿ ಒತ್ತಿದಲ್ಲೇ ಸಿಕ್ಕಿಕೊಂಡು, ಯಾರೂ ಹಿಂದೆ ಓಡದೆ ಹೋಯಿತು; ಕಣದ ಆಚೆಯ ಅಂಚಿನ ಕಟ್ಟೆಗೆ ಬಡಿದು ಮಗುಚಿ ಚಕ್ರ ತಿರುಗಿಸುತ್ತ ಬಿತ್ತು. ಯಾರೋ ಓಡಿಹೋಗಿ ಶೆಲ್ಲು ಕಿತ್ತರು. ಎಲ್ಲರೂ ಅವಳ ಎಡಗೈಯನ್ನು ನೋಡುತ್ತಿದ್ದರು. ಅವಳು ಸುಟ್ಟ ಬೆರಳುಗಳನ್ನು ಚಿಕ್ಕ ಹುಡುಗಿಯ ಹಾಗೆ ಬಾಯಲ್ಲಿಟ್ಟುಕೊಂಡಿದ್ದಳು, ಕಣ್ಣಲ್ಲಿ ನೀರಿತ್ತು. ಬಹಳ ಕಾಲದಿಂದ ಕಾದಿದ್ದ ಹೆಂಗಸರಿಗೆ ಅದನ್ನು ಯಾವ ಲೆಕ್ಕಕ್ಕೆ ಹಾಕಬೇಕೆಂದು ತಿಳಿಯಲಿಲ್ಲ.

ನಾಣಯ್ಯ ಹತ್ತಿರ ಬಂದರು. ಮುಖದಲ್ಲಿ ಏನೋ ಹೊಳೆಯುತ್ತಿತ್ತು, ಮತ್ತು ಅದು ಹೊಳೆಯದಂತೆ ಅವರು ಬಹಳ ಕಷ್ಟಪಡುತ್ತಿದ್ದರು. ಕೊನೆಗೆ ಒಂದು ದಾರಿ ಸಿಕ್ಕಿತು. ಮುಖ ಅರಳಿತು.

"ಓ... ಇದನ್ನೆಲ್ಲ ದೇವರಾಜು ಹೇಳಿಕೊಟ್ಟಿದ್ನಾ ಟೀಚರೇ?"

ಅವಳು ಬಾಯಿಂದ ಬೆರಳು ತೆಗೆದಳು.

"ಹ್ಞೂಂ," ಎಂದಳು. "ಹೋದ ಭಾನುವಾರ."

ನಾಣಯ್ಯ ತಲೆಯಾಡಿಸಿದರು. ಆಡುತ್ತಿದ್ದ ತಲೆ ನಡುವೆಯೇ ನಿಂತಿತು. ಗೋದಾಮಿನ ನೆರಳಿನ ಕಡೆ, ಅಭ್ಯಾಸಬಲದಿಂದ, ಎಲ್ಲರೂ ತಿರುಗಿ ನೋಡಿದರು. ಚಲುವಮ್ಮ ಕೆಮ್ಮಲಿಲ್ಲ.